ಕರ್ನಲ್ ಮೆಕೆಂಜಿಯವರೂ ನಮ್ಮ ಮನೆಗಳ ಲೆಕ್ಕವೂ

ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದು ಹೊರಟವರಿಗೆ ತ್ಯಾವರೆಕೊಪ್ಪವೆಂದೊಡನೆ ನೆನಪಾಗುವುದು ಅಲ್ಲಿನ ಹುಲಿ ಸಿಂಹಗಳ ಧಾಮ. ರಜಾದಿನಗಳಲ್ಲಿ ಊರೂರಿನಿಂದ ಜನ ಅವುಗಳನ್ನು ನೋಡಲು ಬರುವರು. ಅಲ್ಲಿನ ಒಂದೊಂದು ಪ್ರಾಣಿಗೂ ಒಂದೊಂದು ಹೆಸರುಂಟು. ಅದರ ವಯಸ್ಸು, ತಂದೆ ತಾಯಿ, ಎಲ್ಲಿಂದ ಬಂದಿತು ಎಂಬುದೆಲ್ಲ ದಫ್ತರದಲ್ಲಿ ಬರೆದಿರುತ್ತದೆ. ಅದೇ ಕಾಡಿನ ಅಂಚಿನಲ್ಲಿ ತಲೆತಲಾಂತರದಿಂದ ಗೇಯ್ದುಕೊಂಡು ಬಂದಿರುವ ಮನುಷ್ಯರಿಗೆ ಮಾತ್ರ ಅಂತಹ ಬರವಣಿಗೆ ದೊರೆಯುವುದು ಸುಲಭವಲ್ಲವೆಂಬುದು ನನಗೆ ತಿಳಿದುದು ಎರಡು ವರ್ಷಗಳ ಕೆಳಗೆ, ನಮ್ಮ ಅಜ್ಜನ ಅರ್ಜಿಯ ನಿಮಿತ್ತದಿಂದ.

2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ತಾವು ಸಾಗುವಳಿ ಮಾಡುವ ನೆಲದ ಮೇಲೆ ಹಕ್ಕು ಕೇಳಬೇಕಾದರೆ, 2005ನೆಯ ಇಸವಿ ಡಿಸೆಂಬರ್ 13ನೆಯ ತಾರೀಖಿಗೆ ಹಿಂದೆ ಮೂರು ತಲೆಮಾರಿನಿಂದ, ಎಂದರೆ 75 ವರ್ಷಗಳಿಂದ, ತಾವು ಅಲ್ಲಿನವರೇ ಎಂಬುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಬಂದು ನಿಲ್ಲುತ್ತದೆ. ಪುರಾವೆಯಾಗಿ ಏನೇನನ್ನು ಕೊಡಬಹುದೆಂಬ ಪಟ್ಟಿಯಲ್ಲಿ ಗ್ಯಾಸೆಟಿಯರು, ಜನಗಣತಿ, ಸರ್ವೆ ವರದಿ, ನಕ್ಷೆ ಇವೆಲ್ಲ ಇವೆ. ಅಜ್ಜನ ಬಳಿ ಇವಾವುವೂ ಇರಲಿಲ್ಲ. ಅಜ್ಜನ ಅಪ್ಪನಿಗೆ ಪಟ್ಟೆಯ ಭೂಮಿ ಇರಲಿಲ್ಲವಾದುದರಿಂದ ಪಹಣಿಯಲ್ಲಿ ಹೆಸರಿಲ್ಲ. ಶಾಲೆಯ ಮೆಟ್ಟಿಲು ಹತ್ತಲಿಲ್ಲವಾದುದರಿಂದ ದಾಖಲಾತಿಯ ಪುಸ್ತಕದಲ್ಲಿಯೂ ಇಲ್ಲ. ಕಚೇರಿಯಲ್ಲಿದ್ದ ಗುಮಾಸ್ತರೊಬ್ಬರು ಹಳೆಯ ಜನಗಣತಿಯಲ್ಲಿ ಹುಡುಕಿರಿ ಎಂದು ಹೇಳಿ ಕಳುಹಿಸಿದರು. ಮನೆಯಲ್ಲಿ ಕಾಲೇಜು ಕಲಿತವನು ನಾನೊಬ್ಬನೇ ಆದುದರಿಂದ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತು.

ಮೈಸೂರು ಸಂಸ್ಥಾನದಲ್ಲಿ 1931ನೆಯ ಇಸವಿ ಫೆಬ್ರವರಿ 26ರಂದು ಜನಗಣತಿ ನಡೆಯಿತು. ಅದರ ಮೇಲ್ವಿಚಾರಕರಾಗಿದ್ದವರು ಬೇರೆ ಯಾರೂ ಅಲ್ಲ, ನಾವೆಲ್ಲರೂ ಕತೆಗಾರರೆಂದು ಬಲ್ಲ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಅವರ ವರದಿ ಇಂದಿಗೂ ಓದಲು ಸಿಗುತ್ತದೆ. ಕಾಯಿದೆ ಕೇಳುವ ವರ್ಷಕ್ಕೆ ಸರಿಯಾಗಿ ಎರಡೇ ತಿಂಗಳು ಆಚೆಗೆ ಎಣಿಸುವವನೊಬ್ಬನು ನಮ್ಮ ಮುತ್ತಜ್ಜನ ಗುಡಿಸಲಿಗೂ ಬಂದು, ಹೆಸರು ವಯಸ್ಸು ಕಸಬುಗಳನ್ನು ಕೇಳಿ ಬರೆದುಕೊಂಡಿರಬೇಕು. ಆದರೆ ಹಾಗೆ ಬರೆದ ಮನೆವಾರು ಕಾಗದಗಳು ಉಳಿಯಲಿಲ್ಲ. ನಮ್ಮ ದೇಶದಲ್ಲಿ 1871ರ ಮೊದಲ ಗಣತಿಯಿಂದಲೂ, ಕೂಡಿ ಕಳೆದು ಕೋಷ್ಟಕ ಮಾಡಿದ ಮೇಲೆ ಮೂಲ ಕಾಗದಗಳನ್ನು ನಾಶಮಾಡುವುದೇ ವಾಡಿಕೆಯಾಯಿತು. ಉಳಿದಿರುವುದು ಮೊತ್ತಗಳು. ಇತ್ತೀಚಿನ ಗಣತಿಗಳ ಕಾಗದಗಳು ಇದ್ದರೂ ಉಪಯೋಗಕ್ಕೆ ಬಾರವು. 1948ರ ಜನಗಣತಿ ಕಾಯಿದೆಯಂತೆ ಅವು ಗುಪ್ತವಾದವು, ಸಾಕ್ಷ್ಯವಾಗಿ ಒಪ್ಪತಕ್ಕವಲ್ಲ.

ಈ ಪೇಚಾಟ ನಮ್ಮೊಬ್ಬರದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ 1890ರ ಗಣತಿಯ ಮನೆವಾರು ಕಾಗದಗಳು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿಗೆ ಸಿಕ್ಕಿ ಹಾಳಾದವು. ಐರ್ಲೆಂಡಿನ ಹತ್ತೊಂಬತ್ತನೆಯ ಶತಮಾನದ ಗಣತಿಯ ಕಾಗದಗಳಲ್ಲಿ ಕೆಲವನ್ನು ಸರ್ಕಾರವೇ ನಾಶಮಾಡಿತ್ತು. ಉಳಿದವುಗಳಲ್ಲಿ ಹೆಚ್ಚಿನವು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಫ್ತರಖಾನೆಯೊಡನೆ ಸುಟ್ಟುಹೋದವು. ಅಲ್ಲಿಯ ಜನರು ತಮ್ಮ ಹಿಂದಿನವರನ್ನು ಹುಡುಕಲು ಈಗ ತೆರಿಗೆಯ ಪಟ್ಟಿ, ಗೇಣಿಯ ಪಟ್ಟಿ, ಮನೆಗಳಿಗೆ ಬೆಲೆಕಟ್ಟಿದ ಪುಸ್ತಕಗಳನ್ನು ಗಣತಿಯ ಬದಲಿಗೆ ಇಟ್ಟುಕೊಳ್ಳುತ್ತಾರೆ. ಹಾಗಾದರೆ ನಮ್ಮಲ್ಲಿ ಅಂತಹ ಬದಲಿ ಯಾವುದು? ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ನನಗೆ ಎದುರಾದವರು ಕರ್ನಲ್ ಕಾಲಿನ್ ಮೆಕೆಂಜಿಯವರು. ಕೈಫಿಯತ್ತುಗಳನ್ನು ಕೂಡಿಸಿದ ಸಾಹೇಬರೆಂದು ಇತಿಹಾಸದ ತರಗತಿಯಲ್ಲಿ ಅವರ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಅವರು ಮನೆಗಳನ್ನೂ ಎಣಿಸಿದರೆಂಬುದನ್ನು ನಾನು ಅಲ್ಲಿಯ ತನಕ ಅರಿತಿರಲಿಲ್ಲ.

ಸ್ಕಾಟ್ಲೆಂಡಿನ ವಾಯವ್ಯಕ್ಕೆ ಲೂಯಿಸ್ ಎಂಬುದೊಂದು ದ್ವೀಪ. ಗಾಳಿ, ಮಳೆ, ಕಲ್ಲುನೆಲ. ಅಲ್ಲಿನ ಮುಖ್ಯ ಊರು ಸ್ಟಾರ್ನೋವೇ. ಮೆಕೆಂಜಿಯವರು ಅಲ್ಲಿ 1754ರ ಸುಮಾರಿಗೆ ಹುಟ್ಟಿದರು. ತಂದೆ ವ್ಯಾಪಾರಿ; ಆ ಊರಿನ ಅಂಚೆಯ ಕೆಲಸವನ್ನೂ ನೋಡಿಕೊಂಡಿದ್ದವರು. ಮಗನು ಮೊದಲು ಸುಂಕದ ಕಟ್ಟೆಯಲ್ಲಿ ನೌಕರಿ ಮಾಡಿದನು. ಲೆಕ್ಕದಲ್ಲಿ ಆಸಕ್ತಿಯಿದ್ದುದರಿಂದ ನೇಪಿಯರ್ ಎಂಬ ಮನೆತನದ ಪರಿಚಯವಾಯಿತು. ಲಾಗರಿಥಮ್ ಎಂಬ ಗಣಿತ ವಿಧಾನವನ್ನು ಕಂಡುಹಿಡಿದ ಜಾನ್ ನೇಪಿಯರನ ಜೀವನವನ್ನು ಬರೆಯಬೇಕೆಂದಿದ್ದ ಆ ಮನೆಯ ಯಜಮಾನರಿಗೆ, ಹಿಂದೂಗಳ ಗಣಿತದ ವಿಷಯ ತಿಳಿಯಬೇಕಾಗಿದ್ದಿತು. ಇದರಿಂದ ಮೆಕೆಂಜಿಯವರ ಮನಸ್ಸು ನಮ್ಮ ದೇಶದ ಕಡೆಗೆ ತಿರುಗಿತೆಂದು ಹೇಳುತ್ತಾರೆ. 1783ರ ಸೆಪ್ಟೆಂಬರಿನಲ್ಲಿ ಅವರು ಮದರಾಸಿನಲ್ಲಿ ಇಳಿದರು. ಆಗ ಅವರಿಗೆ ಮೂವತ್ತರ ಹತ್ತಿರದ ವಯಸ್ಸು. ಕಂಪೆನಿಯ ಸೈನ್ಯಕ್ಕೆ ಹುಡುಗರು ಸೇರುವ ವಯಸ್ಸು ಕಳೆದಿದ್ದಿತು. ತಾವು ಹುಟ್ಟಿದ ದ್ವೀಪಕ್ಕೆ ಅವರು ಮತ್ತೆಂದೂ ಮರಳಲಿಲ್ಲ.

ಸೈನ್ಯದಲ್ಲಿ ಅವರು ಎಂಜಿನಿಯರುಗಳ ಪಂಗಡಕ್ಕೆ ಸೇರಿ, ದಾರಿ, ಘಟ್ಟ, ಕೋಟೆಗಳ ನಕ್ಷೆ ಬರೆಯುವುದರಲ್ಲಿ ಕೈ ಪಳಗಿಸಿಕೊಂಡರು. 1790-92ರ ಮೈಸೂರು ಯುದ್ಧ, ಪಾಂಡಿಚೇರಿಯ ಮುತ್ತಿಗೆ, ಸಿಂಹಳದ ದಂಡಯಾತ್ರೆ, ನಿಜಾಮನ ಸೀಮೆಯ ಸರ್ವೆ ಹೀಗೆ ಹದಿನೈದು ವರ್ಷ ಅಲೆದಾಟದಲ್ಲಿಯೇ ಕಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವರು ನಿಜಾಮನ ಕಡೆಯ ಪಡೆಯೊಡನೆ ಎಂಜಿನಿಯರಾಗಿ ಅಲ್ಲಿದ್ದರು. ಅವರ ಜೀವನದ ಈ ಭಾಗ ಇತರ ದಂಡಾಳುಗಳದಕ್ಕಿಂತ ಬಹಳ ಬೇರೆಯೇನೂ ಅಲ್ಲ. ಬೇರೆಯಾದುದು ಒಂದು ಸಂಗತಿ. 1796ರಲ್ಲಿ ಅವರಿಗೆ ಕಾವಲಿ ವೆಂಕಟ ಬೊರ್ರಯ್ಯನವರೆಂಬ ಏಲೂರಿನ ಕಡೆಯ ತರುಣ ಬ್ರಾಹ್ಮಣರೊಬ್ಬರ ಸಹವಾಸ ದೊರೆಯಿತು. ಬೊರ್ರಯ್ಯನವರಿಗೆ ಆಗ ಸುಮಾರು ಇಪ್ಪತ್ತು ವಯಸ್ಸು, ನಮ್ಮ ವಯಸ್ಸೇ. ಮೆಕೆಂಜಿಯವರಿಗೆ ದೇಶಭಾಷೆಗಳು ಒಂದೂ ಸರಿಯಾಗಿ ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಇದನ್ನು ಅವರು ಮರೆಮಾಡಲೂ ಇಲ್ಲ. ಊರಿನ ಗೌಡನ ಬಾಯಿ ಬಿಡಿಸುವುದು, ಶಾನುಭೋಗನ ಕಡತ ತೆರೆಸುವುದು, ಶಾಸನ ಓದಿಸುವುದು ಇವೆಲ್ಲ ಬೊರ್ರಯ್ಯನವರಿಂದಲೂ ಅವರ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿಗಳಿಂದಲೂ ಆದ ಕೆಲಸ.

ಶ್ರೀರಂಗಪಟ್ಟಣದ ಪತನವಾದ ಮೇಲೆ ಕಂಪೆನಿಯವರು ತಮ್ಮ ಕೈಗೆ ಬಂದ ದೇಶವನ್ನು ತಿಳಿಯಲು ಒಂದೇ ಕಾಲದಲ್ಲಿ ಮೂವರನ್ನು ತೊಡಗಿಸಿದರು. ವೈದ್ಯರಾದ ಫ್ರಾನ್ಸಿಸ್ ಬುಕನನ್ನರು 1800-01ರಲ್ಲಿ ಊರಿಂದೂರಿಗೆ ಪ್ರಯಾಣ ಮಾಡಿ, ಬೆಳೆ, ಕಸಬು, ಜಾತಿಗಳನ್ನು ವಿಚಾರಿಸಿ ಬರೆದರು. ಅವರು ನಮ್ಮ ಶಿವಮೊಗ್ಗವನ್ನೂ ಹಾದುಹೋದವರು. ಲ್ಯಾಂಬ್ಟನ್ನರು ತ್ರಿಕೋನಗಳನ್ನು ಹಾಕಿ ಭೂಮಿಯನ್ನು ಅಳೆಯಲು ಹೊರಟರು. ಮೆಕೆಂಜಿಯವರಿಗೆ ವಹಿಸಿದುದು ಮೈಸೂರು ಸೀಮೆಯ ಸರ್ವೆ. ಸುಮಾರು 40,000 ಚದರ ಮೈಲಿಗಳ ದೇಶ. ಬುಕನನ್ನರು ನಡೆದುಹೋಗುವ ದಾರಿಯಲ್ಲಿ ಕಂಡುದನ್ನು ಬರೆದರೆ, ಮೆಕೆಂಜಿಯವರು ಒಂದು ಊರನ್ನೂ ಬಿಡದೆ ಎಣಿಸಬೇಕೆಂದುಕೊಂಡರು. ಗಡಿ, ಹೊಳೆ, ಕೆರೆ, ಬಾವಿ, ಕೋಟೆ, ಗುಡಿ ಇವುಗಳ ಜೊತೆಗೆ ಪ್ರತಿ ಊರಿನಲ್ಲಿ ಮನೆಗಳೆಷ್ಟು, ಯಾವ ಯಾವ ಜಾತಿಯ ಕುಟುಂಬಗಳೆಷ್ಟು ಎಂಬ ಪಟ್ಟಿಗಳು ಬೇಕು ಎಂಬುದು ಅವರ ಯೋಜನೆ.

ಇದಕ್ಕೆ ನಮ್ಮ ದೇಶದಲ್ಲಿ ಆಗಲೇ ಒಂದು ಹೆಸರಿದ್ದಿತು: ಖಾನೇಷುಮಾರಿ. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಮರಾಠರ ಸೀಮೆಯಲ್ಲಿಯೂ ನಮ್ಮಲ್ಲಿಯೂ ಮನೆಗಂದಾಯ, ಬಿಟ್ಟಿ ಮೊದಲಾದುವುಗಳಿಗಾಗಿ ಸರ್ಕಾರದವರು ಇಂತಹ ಪಟ್ಟಿಗಳನ್ನು ಬರೆಯಿಸುತ್ತಿದ್ದರು. ಮುಂದೆ ಜನಗಣತಿ ಬಂದಾಗಲೂ ಹಳಬರು ಅದನ್ನು ಖಾನೇಷುಮಾರಿಯೆಂದೇ ಕರೆದರು. ಇದನ್ನು ಕೇಳಿ ಅಜ್ಜನೂ ಆ ಮಾತನ್ನು ಬಲ್ಲೆನೆಂದನು. ಆದರೆ ಅದು ಯಾವುದೋ ಕಂದಾಯದ ಹೆಸರೆಂದು ತಿಳಿದಿದ್ದನಂತೆ.

ಆ ಕಾಲದ ಲೆಕ್ಕವಿರುತ್ತಿದ್ದುದು ಶಾನುಭೋಗರ ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ ಮಡಿಸಿ ಪುಸ್ತಕದಂತೆ ಮಾಡಿ, ಬಳಪದಿಂದ ಬರೆಯುವುದು. ತಪ್ಪಿದರೆ ಒರೆಸಿ ತಿದ್ದಬಹುದು. ಒಳ್ಳೆಯದೂ ಕೆಟ್ಟದ್ದೂ ಇದೇ. ಇಂತಹ ಕಡತಗಳನ್ನು ತೆಗೆಯಿಸಿ ನಕಲು ಮಾಡಿಸಬೇಕು. ಟಿಪ್ಪುವಿನ ಕಾಲದಲ್ಲಿಯೂ ಅಧಿಕಾರದಲ್ಲಿದ್ದ ಪೂರ್ಣಯ್ಯನವರೇ ಈಗ ದಿವಾನರು. ಅವರ ಅಪ್ಪಣೆಯಿಲ್ಲದೆ ಯಾವ ಅಮಲ್ದಾರನೂ ಸರ್ವೆಯವರಿಗೆ ಸಹಾಯ ಮಾಡುವಂತಿಲ್ಲ. ಮನೆ ಎಣಿಸಲು ಬಂದವನು ತೆರಿಗೆ ಹಾಕಲು ಬಂದವನೇ ಎಂಬ ಭಯ ಊರವರಿಗೆ. ಭಯವಿದ್ದೆಡೆ ಒಂದೆರಡು ಮನೆ ಮರೆಯಾಗುವುದೂ ಸಹಜವೇ.

ಆಗ ನಮ್ಮ ನಗರ ಸೀಮೆಯ ಸ್ಥಿತಿಯನ್ನೂ ನೆನೆಯಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದನು. 1791ರ ಕೊನೆಯಲ್ಲಿ ಪರಶುರಾಮ ಭಾವೆಯ ಮರಾಠಾ ದಂಡು ಶಿವಮೊಗ್ಗದ ಬಳಿ ಕಾದಿ ಊರನ್ನು ಹಾಳುಗೆಡವಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ, ಚನ್ನಗಿರಿಯವನಾದ ಧೋಂಡಿಯ ವಾಘನು ಸೆರೆಯಿಂದ ಹೊರಬಂದು ಈ ಸೀಮೆಯನ್ನು ಮತ್ತೆ ಸುಲಿದನು. 1800ರಲ್ಲಿ ಅವನು ಸತ್ತನು. ಎಣಿಸುವವರು ಬಂದುದು ಇದರ ಬೆನ್ನಿಗೆ. ಕಂದಾಯದ ಲೆಕ್ಕದಲ್ಲಿ ಜನವಿಲ್ಲದ ಊರಿಗೆ ಬೇಚಿರಾಕ್ ಎಂದು ಬರೆಯುವರು. ದೀಪವಿಲ್ಲದ್ದು ಎಂದು ಅದರ ಅರ್ಥ. ಇಂದಿಗೂ ಗ್ರಾಮಗಳ ಪಟ್ಟಿಯಲ್ಲಿ ಈ ಮಾತು ಉಳಿದಿದೆ. ಕೊಪ್ಪವೆಂದು ಕೊನೆಯಾಗುವ ನಮ್ಮಂತಹ ಊರುಗಳದು ಇನ್ನೊಂದು ತೊಂದರೆ. ಅಸಲಿ ಗ್ರಾಮಕ್ಕೆ ಸೇರಿದ ದಾಖಲಿ ಹಳ್ಳಿಯಾದರೆ ಅದರ ಮನೆಗಳು ದೊಡ್ಡ ಊರಿನ ಮೊತ್ತದಲ್ಲಿ ಬೆರೆತುಹೋಗುತ್ತವೆ. ದೀಪ ಉರಿಯುತ್ತಿದ್ದರೂ ಅದು ಬೇರೆ ಊರಿನ ದೀಪ!

ಈ ಕೆಲಸಕ್ಕೆ ಮೆಕೆಂಜಿಯವರ ಕೈಕೆಳಗೆ ಇದ್ದವರು ಯಾರು? ಮದರಾಸಿನ ಅನಾಥಾಲಯದಲ್ಲಿ ಬೆಳೆದು ಅಲ್ಲಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು. ಬಹುಮಟ್ಟಿಗೆ ಯೂರೋಪಿಯನ್ ಸೋಲ್ಜರುಗಳಿಗೂ ಈ ದೇಶದ ತಾಯಂದಿರಿಗೂ ಹುಟ್ಟಿದವರು. ಅವರೊಡನೆ ಕನ್ನಡ, ತೆಲುಗು, ಮರಾಠಿ ಬಲ್ಲ ಗುಮಾಸ್ತರು, ಪಂಡಿತರು. ಮೊದಲು ಕೊಟ್ಟಿದ್ದ ಸಹಾಯಕರನ್ನೂ ಹಣವನ್ನೂ ಕಂಪೆನಿಯವರು ಒಂದೆರಡು ವರ್ಷಗಳಲ್ಲಿಯೇ ಕಡಿಮೆ ಮಾಡಿದರು. ಘಟ್ಟದ ಜ್ವರ ಯಾರನ್ನೂ ಬಿಡಲಿಲ್ಲ. ಮೆಕೆಂಜಿಯವರೂ ಮತ್ತೆ ಮತ್ತೆ ನರಳಿದರು. 1803ರಲ್ಲಿ ಬೊರ್ರಯ್ಯನವರು ಇಪ್ಪತ್ತೇಳರ ಒಳಗೇ ತೀರಿಕೊಂಡರು. ಮೆಕೆಂಜಿಯವರು ಅವರನ್ನು ಸಾಯುವವರೆಗೂ ಮರೆಯಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ ತಮ್ಮ ಜೀವನದ ಸಂಗತಿಗಳನ್ನು ಸ್ನೇಹಿತರೊಬ್ಬರಿಗೆ ಬರೆದ ಕಾಗದದಲ್ಲಿ, ಭಾರತದ ವಿದ್ಯೆಯ ಬಾಗಿಲು ತಮಗೆ ತೆರೆದುದು ಆ ತರುಣನಿಂದಲೇ ಎಂಬುದನ್ನು ಒಪ್ಪಿಕೊಂಡರು.

ಅಣ್ಣನ ಕೆಲಸವನ್ನು ಲಕ್ಷ್ಮಯ್ಯನವರು ವಹಿಸಿಕೊಂಡರು. ಹಳೆಗನ್ನಡದ ಶಾಸನಗಳನ್ನು ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಸಿಕ್ಕಿದರು. 1804ರಲ್ಲಿ ಆ ಮಲೆಯೂರಿನ ಕನಕಗಿರಿಯಲ್ಲಿಯೇ ದೇವಚಂದ್ರನೆಂಬ ಜೈನ ವಿದ್ವಾಂಸನು ಮೆಕೆಂಜಿಯವರನ್ನು ಕಂಡನು. ಸ್ಥಳದ ಕಥೆಗಳನ್ನು ಹೇಳಿದನು. ಆ ಭೇಟಿಯಿಂದ ಹುಟ್ಟಿದ ಹಂಬಲವು ಬಹಳ ವರ್ಷಗಳ ಮೇಲೆ ರಾಜಾವಳೀ ಕಥೆಯೆಂಬ ಗ್ರಂಥವಾಗಿ ಹೊರಬಂದಿತೆಂಬುದನ್ನು ಕನ್ನಡ ಐಚ್ಛಿಕದ ಗೆಳೆಯರು ಬಲ್ಲರು. ಮನೆ ಎಣಿಸಲು ಹೋದವರೇ ಊರಿನ ಹಿರಿಯರನ್ನು ಕೂರಿಸಿಕೊಂಡು, ಈ ಊರು ಯಾರು ಕಟ್ಟಿದ್ದು, ಗುಡಿ ಯಾರದು, ಹಿಂದೆ ಯಾರು ಆಳುತ್ತಿದ್ದರು ಎಂದು ಕೇಳಿ ಬರೆಯಿಸಿಕೊಂಡ ಹೇಳಿಕೆಗಳೇ ಕೈಫಿಯತ್ತುಗಳು. ಅಂಕಿಯೂ ಕಥೆಯೂ ಒಂದೇ ಜಗಲಿಯ ಮೇಲೆ ಹುಟ್ಟಿದವು. ನಮ್ಮ ಕಾಲದಲ್ಲಿ ಎಂ. ಎಂ. ಕಲಬುರ್ಗಿಯವರು ಕನ್ನಡದ ಕೈಫಿಯತ್ತುಗಳನ್ನು ಕೂಡಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದುದರಿಂದ ಅವು ನಮ್ಮಂತಹ ವಿದ್ಯಾರ್ಥಿಗಳಿಗೂ ಎಟುಕುತ್ತಿವೆ. ಅಂಕಿಗಳ ಪಟ್ಟಿಗಳಿಗೆ ಮಾತ್ರ ಅಂತಹ ಅದೃಷ್ಟ ಇನ್ನೂ ಬಂದಿಲ್ಲ.

ಆ ಅಂಕಿಗಳಿಂದ ಏನಾಗುತ್ತಿತ್ತೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬುವರು ಪೂರ್ಣಯ್ಯನವರ ಆಡಳಿತದ ಮೇಲೆ ಒಂದು ವರದಿ ಬರೆದರು. 1804ರಲ್ಲಿ ಸಂಸ್ಥಾನದ ಕುಟುಂಬಗಳು 4,82,612. ಕುಟುಂಬವೊಂದಕ್ಕೆ ನಾಲ್ಕೂವರೆ ಜನರೆಂದು ಹಿಡಿದು, ಒಟ್ಟು ಜನಸಂಖ್ಯೆ 21,71,754. ಕಾಗದದ ಮೇಲೆ ಗುಣಿಸಿ ನೋಡಿದೆ, ಸರಿಯಾಗಿ ಬರುತ್ತದೆ. ಜನರನ್ನು ಯಾರೂ ಎಣಿಸಲಿಲ್ಲ, ಮನೆಗಳನ್ನು ಎಣಿಸಿ ನಾಲ್ಕೂವರೆಯಿಂದ ಗುಣಿಸಿದರು. ಈ ಅರ್ಧ ಮನುಷ್ಯ ಯಾರು ಎಂದು ನಾನು ಬಹಳ ಹೊತ್ತು ಯೋಚಿಸಿದುದುಂಟು. ಮನೆಯಲ್ಲಿ ಹುಟ್ಟಿ ಹೆಸರಿಡುವ ಮುನ್ನ ಸತ್ತ ಮಗುವೋ, ಗಂಡನ ಮನೆಗೆ ಇನ್ನೂ ಹೋಗದ ಹುಡುಗಿಯೋ, ಯಾರದೋ ಹಟ್ಟಿಯಲ್ಲಿ ಜೀತಕ್ಕಿದ್ದು ಯಾವ ಮನೆಗೂ ಸೇರದ ಆಳೋ! ಇದು ಲೆಕ್ಕಶಾಸ್ತ್ರದ ಮಾತಲ್ಲ, ಗೊತ್ತು. ಆದರೆ ಖಾನೇಷುಮಾರಿಯನ್ನು ಗಣತಿಯ ಬದಲಿಗೆ ಇಟ್ಟುಕೊಳ್ಳುವವರು ಈ ಅರ್ಧವನ್ನು ಮರೆಯಬಾರದು.

ಹಾಗೆಂದು ಅದನ್ನು ಹೀಗಳೆಯುವುದು ಸರಿಯಲ್ಲ. ಇಂಗ್ಲೆಂಡಿನಲ್ಲಿ ಮೊದಲ ಗಣತಿಯಾದುದೇ 1801ರಲ್ಲಿ. ಅಲ್ಲಿಯೂ ಆಗ ಕೇಂದ್ರಕ್ಕೆ ಕಳುಹಿಸಿದುದು ಮೊತ್ತಗಳನ್ನೇ. ಮನೆಯವರೆಲ್ಲರ ಹೆಸರುಗಳನ್ನು ಕ್ರಮವಾಗಿ ಬರೆದಿಟ್ಟುದು 1841ರಿಂದ ಈಚೆಗೆ. ಅದೇ ವರ್ಷಗಳಲ್ಲಿ ಮೈಸೂರಿನ ಹಳ್ಳಿಗಳಲ್ಲಿ ಮನೆಮನೆಯ, ಜಾತಿಜಾತಿಯ ಎಣಿಕೆ ನಡೆದಿತ್ತೆಂದರೆ ಸಣ್ಣ ಸಂಗತಿಯಲ್ಲ. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರೂ ಪಡೆದವರ ಹೆಸರೂ ಇವೆ. ಯುದ್ಧದ ಕಥೆಗಳಲ್ಲಿ ಗೆದ್ದವರ, ಸೋತವರ ಹೆಸರುಗಳಿವೆ. ಕೂಲಿಯವನ ಗುಡಿಸಲು ಸರ್ಕಾರದ ಕಾಗದದಲ್ಲಿ ಒಂದು ಎಂಬ ಅಂಕಿಯಾಗಿಯಾದರೂ ನಿಂತುದು ಈ ಪಟ್ಟಿಗಳಲ್ಲಿ. 1871ರ ಗಣತಿಯಲ್ಲಿ ಮೈಸೂರಿನ ಜನ 50,55,412. ಲೂಯಿ ರೈಸರು ನಡೆಸಿದ 1881ರ ಗಣತಿಯಲ್ಲಿ 41,86,188. ನಡುವೆ ಬಂದುದು ಧಾತು ಈಶ್ವರ ಸಂವತ್ಸರಗಳ ಬರಗಾಲ. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಲೆಕ್ಕದಿಂದ ಇಲ್ಲವಾದರು. ಅವರ ಹೆಸರುಗಳು 1871ರ ಮನೆವಾರು ಕಾಗದಗಳಲ್ಲಿ ಇದ್ದಿರಬೇಕು, ಆ ಕಾಗದಗಳೂ ಇಲ್ಲ. ಬರಕ್ಕೆ ಮುಂಚಿನ ಹಳ್ಳಿ ಎಷ್ಟು ದೊಡ್ಡದಾಗಿತ್ತು, ಯಾವ ಕಸಬಿನವರು ಇದ್ದರು ಎಂದು ತಿಳಿಯಲು ನಮಗೆ ಹಿಂದಿನ ಖಾನೇಷುಮಾರಿಗಳನ್ನು ಬಿಟ್ಟರೆ ಗತಿಯಿಲ್ಲ.

ಮೈಸೂರು ಸರ್ವೆಯು ಮುಗಿಯುವ ಹೊತ್ತಿಗೆ ಸುಮಾರು ಹತ್ತು ವರ್ಷಗಳಾದವು. ವಿವರಗಳೆಲ್ಲ ಏಳು ದೊಡ್ಡ ಸಂಪುಟಗಳಾದವು. ಅವುಗಳ ಜೊತೆಗೆ ನಕ್ಷೆಗಳು. ಖರ್ಚಿಗೆ ಗೊಣಗಿದ್ದ ಕಂಪೆನಿಯ ನಿರ್ದೇಶಕರೂ 1810ರ ಸುಮಾರಿಗೆ ಮೆಚ್ಚಿಕೆ ಬರೆದು ಕಳುಹಿಸಿದರು. ಅದೇ ವರ್ಷ ಮೆಕೆಂಜಿಯವರು ಮದರಾಸಿನ ಸರ್ವೇಯರ್ ಜನರಲ್ಲರಾದರು. 1811ರಲ್ಲಿ ಜಾವಾದ ಯುದ್ಧಕ್ಕೆ ಹೋಗಿ ಎರಡು ವರ್ಷ ಅಲ್ಲಿದ್ದು, ಅಲ್ಲಿಯೂ ಹಸ್ತಪ್ರತಿಗಳನ್ನು ಕೂಡಿಸಿದರು. ಐವತ್ತೆಂಟರ ವಯಸ್ಸಿನಲ್ಲಿ ಅಲ್ಲಿಯೇ ಡಚ್ ಮನೆತನದ ಕನ್ಯೆಯೊಬ್ಬಳನ್ನು ಮದುವೆಯಾದರು. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ಲರಾಗಿ ನೇಮಕವಾಯಿತು.

1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಮದರಾಸಿನಲ್ಲಿ ಅವರ ಚಿತ್ರವನ್ನು ಬರೆದನು. ಅದರ ಅಚ್ಚು ಹಲವು ಪುಸ್ತಕಗಳಲ್ಲಿದೆ. ಕೆಂಪು ಅಂಗಿಯ ಸಾಹೇಬರು ಎತ್ತರವಾಗಿ ನಿಂತಿದ್ದಾರೆ. ಹಿಂದೆ ದೂರದಲ್ಲಿ ನಮ್ಮ ನಾಡಿನ ಗೊಮ್ಮಟ. ಸುತ್ತ ಮೂವರು ಭಾರತೀಯರು: ಒಬ್ಬನ ಕೈಯಲ್ಲಿ ದುರ್ಬೀನು, ಒಬ್ಬರ ಕೈಯಲ್ಲಿ ತಾಳೆಗರಿ. ತಾಳೆಗರಿಯವರು ಧರ್ಮಯ್ಯನವರು, ಇನ್ನೊಬ್ಬರು ಲಕ್ಷ್ಮಯ್ಯನವರು ಎಂದು ತಿಳಿದವರು ಹೇಳುತ್ತಾರೆ. ದೊಡ್ಡ ಹುದ್ದೆಯವರು ತಮ್ಮ ಚಿತ್ರದಲ್ಲಿ ಕೆಲಸದವರನ್ನು ನಿಲ್ಲಿಸಿಕೊಳ್ಳುವುದು ವೈಭವಕ್ಕೆಂದು ಹೇಳುವುದಾದರೆ ಹೇಳಬಹುದು. ನನಗೆ ಹಾಗೆ ಕಾಣಲಿಲ್ಲ. ತಮ್ಮ ಉಯಿಲಿನಲ್ಲಿಯೂ ಲಕ್ಷ್ಮಯ್ಯನವರನ್ನು ನೆನೆದವರು ಅವರು.

1817ರಲ್ಲಿ ಕಲಕತ್ತೆಗೆ ಹೋಗುವಾಗ ತಮ್ಮ ಪಂಡಿತರಲ್ಲಿ ಕೆಲವರನ್ನು ಜೊತೆಗೆ ಕರೆದುಕೊಂಡು ಹೋದರು. ಕೂಡಿಸಿದುದನ್ನೆಲ್ಲ ಓದಿಸಿ, ಅನುವಾದ ಮಾಡಿಸಿ, ಒಂದು ಕ್ರಮಕ್ಕೆ ತರಬೇಕೆಂಬುದು ಅವರ ಆಸೆ. ಶರೀರ ಒಪ್ಪಲಿಲ್ಲ. 1821ನೆಯ ಇಸವಿ ಮೇ 8ರಂದು, ಕಲಕತ್ತೆಯ ಬಳಿ ನದಿಯ ಮೇಲೆ ಹೋಗುತ್ತಿರುವಾಗ ಅವರು ತೀರಿಕೊಂಡರು. ಅಲ್ಲಿನ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಸಮಾಧಿಯಾಯಿತು. ಕೂಡಿಸಿದುದರ ಬಗ್ಗೆ ಅವರು ಪುಸ್ತಕವಾಗಿ ಒಂದನ್ನೂ ಬರೆದು ಮುಗಿಸಿರಲಿಲ್ಲ.

ಅವರ ಪತ್ನಿಯಿಂದ ಕಂಪೆನಿಯವರು ಆ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡರು. ವಿಲ್ಸನ್ ಎಂಬ ವಿದ್ವಾಂಸರು 1828ರಲ್ಲಿ ಅಚ್ಚು ಮಾಡಿದ ಪಟ್ಟಿಯಲ್ಲಿ ಶಾಸನಗಳ ನಕಲುಗಳೇ 8,076, ನಾಣ್ಯಗಳು 6,218, ಚಿತ್ರಗಳು 2,630. ಕೈಫಿಯತ್ತುಗಳೂ ಹಸ್ತಪ್ರತಿಗಳೂ ಬೇರೆ. ಒಂದು ಪಾಲು ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಕಟ್ಟುಗಳು ಬಹುಮಟ್ಟಿಗೆ ಮದರಾಸಿಗೆ ಮರಳಿದವು. ಹೀಗೆ ಒಂದೇ ಊರಿನ ಕಥೆ ಚೆನ್ನೈಯಲ್ಲಿಯೂ ಅದರ ನಕ್ಷೆಯೂ ಮನೆಗಳ ಮೊತ್ತವೂ ಲಂಡನ್ನಿನಲ್ಲಿಯೂ ಇರುವಂತಾಯಿತು.

ಲಕ್ಷ್ಮಯ್ಯನವರು ಈ ಕೆಲಸವನ್ನು ತಾವೇ ಮುಂದುವರಿಸುವೆವೆಂದು ಕೇಳಿಕೊಂಡರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದರಲ್ಲಿಯೇ ಬೆಂದವರು. ಯಾವ ಕಟ್ಟಿನಲ್ಲಿ ಏನಿದೆಯೆಂಬುದನ್ನು ಅವರಷ್ಟು ಬಲ್ಲವರು ಇರಲಿಲ್ಲ. ವಿಷಯವು ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಹೋಯಿತು. 1836ರಲ್ಲಿ, ಬ್ರಾಹ್ಮೀ ಲಿಪಿಯನ್ನು ಓದಿ ಹೆಸರಾದ ಜೇಮ್ಸ್ ಪ್ರಿನ್ಸೆಪ್ಪರ ಕಾಲದಲ್ಲಿ, ಇಂತಹ ಕೆಲಸಕ್ಕೆ ದೇಶೀಯರೊಬ್ಬರು ಸಾಲರು ಎಂದು ಅಭಿಪ್ರಾಯವಾಗಿ, ಅದನ್ನು ಟೇಲರ್ ಎಂಬ ಪಾದ್ರಿಗೆ ಒಪ್ಪಿಸಿದರು. ತಮ್ಮ ರಾಮಸ್ವಾಮಿಯವರು ಅಷ್ಟರಲ್ಲಿ, 1829ರಲ್ಲಿಯೇ, ದಕ್ಷಿಣದ ಕವಿಗಳ ಜೀವನಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದು ಪ್ರಕಟಿಸಿದ್ದರು. ಸಾಲರೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ, ಕೇಳುವವರಿರಲಿಲ್ಲ ಅಷ್ಟೆ.

ನಮ್ಮ ಅಜ್ಜನ ಅರ್ಜಿಗೆ ಮೆಕೆಂಜಿಯವರ ಪಟ್ಟಿಗಳಿಂದ ನೇರವಾದ ಪ್ರಯೋಜನವಿಲ್ಲವೆಂಬುದನ್ನು ನಾನು ಬೇಗನೆ ಕಂಡುಕೊಂಡೆ. ಅವು 1930ಕ್ಕೆ ಬಹಳ ಹಿಂದಿನವು; ಅವುಗಳಲ್ಲಿ ಮನೆಗಳ ಸಂಖ್ಯೆಯಿರುವುದೇ ಹೊರತು ಮನೆಯವರ ಹೆಸರಿಲ್ಲ. ಜಾತಿಯ ಅಂಕಣದಲ್ಲಿ ಒಂದು ಎಂದಿದ್ದರೆ ಆ ಒಂದು ನಮ್ಮದೇ ಎಂದು ಯಾವ ಕಚೇರಿಯೂ ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಆದರೆ ಕಾಯಿದೆಯ ನಿಯಮಗಳನ್ನು ಮತ್ತೊಮ್ಮೆ ಓದುವಾಗ ಪುರಾವೆಗಳ ಪಟ್ಟಿಯ ಕೊನೆಯ ಕಡೆಗೆ ಒಂದು ಮಾತು ಕಣ್ಣಿಗೆ ಬಿದ್ದಿತು: ಅರ್ಜಿದಾರನಲ್ಲದ ಬೇರೆ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಯೂ ಪುರಾವೆಯೇ. ಕೈಫಿಯತ್ತು ಎಂದರೆ ಅದೇ ತಾನೆ?

ದಸರೆಯ ರಜೆಯಲ್ಲಿ ನಮ್ಮ ಕೇರಿಯ ಅಜ್ಜಿಯೊಬ್ಬರ ಜಗಲಿಯ ಮೇಲೆ ಕುಳಿತು ಬರೆದುಕೊಂಡೆ. ಅವರಿಗೆ ತೊಂಬತ್ತು ದಾಟಿದೆ. ನಮ್ಮ ಮುತ್ತಜ್ಜ ಯಾವ ಮರದ ಕೆಳಗೆ ಮೊದಲು ಗುಡಿಸಲು ಹಾಕಿದನು, ಬಾವಿ ತೋಡಿದವರು ಯಾರು, ಆ ಬಾವಿಗೆ ಯಾರ ಎಮ್ಮೆ ಬಿದ್ದಿತ್ತು, ಆಗ ಕೇರಿಯಲ್ಲಿ ಎಷ್ಟು ಒಲೆ ಉರಿಯುತ್ತಿದ್ದವು ಎಂಬುದನ್ನೆಲ್ಲ ಹೇಳಿದರು. ಮೊದಲು ಏಳು ಒಲೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಒಬ್ಬ ವಿಧವೆ ಬೇರೆ ಬೇಯಿಸಿಕೊಳ್ಳುತ್ತಿದ್ದಳೆಂದು ನೆನಪಾಗಿ ಎಂಟು ಮಾಡಿದರು. ಎಂಟು ಮನೆಗಳವರ ಹೆಸರುಗಳನ್ನೂ ಬೆರಳು ಮಡಿಸುತ್ತ ಹೇಳಿದರು. ನಾಲ್ಕು ಪುಟಗಳಾದವು. ಕೊನೆಯಲ್ಲಿ ಓದಿ ಹೇಳಿದಾಗ, ಬಾವಿಯ ವಿಷಯದಲ್ಲಿ ನಾನು ತಪ್ಪು ಬರೆದಿದ್ದುದನ್ನು ತಿದ್ದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದರು. ಅದನ್ನು ಅರ್ಜಿಯೊಡನೆ ಸೇರಿಸಿ ಕೊಟ್ಟಿದ್ದೇವೆ. ಒಂದು ನಕಲನ್ನು ನಾನು ಇಟ್ಟುಕೊಂಡಿದ್ದೇನೆ.